ಹಾಡು ತುಂಬಿಸಿಕೊಡುತ್ತಿದ್ದವರು

ತೊಂಬತ್ತರ ದಶಕದಲ್ಲಿ ಜಯನಗರದ ನಮ್ಮ ರಸ್ತೆಯಲ್ಲಿ ಅವರ ಕ್ಯಾಸೆಟ್ ಅಂಗಡಿ ಇತ್ತು. ಬೇಕಾದ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುತ್ತಿದ್ದರು. ಅದು ಕಳ್ಳತನವೆಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ. ಸಡಿಲವಾದ ಟೇಪನ್ನು ಕಿರುಬೆರಳಿನಿಂದಲೇ ಸುತ್ತುತ್ತಾ ನನ್ನ ಪಟ್ಟಿ ಓದಿ, ಪ್ರತಿಸಲವೂ, "ಎಲ್ಲಾ ಅಳೋ ಹಾಡೇ ಬರ್ದಿದ್ದೀರಲ್ಲ ಸಾರ್, ಒಂದಾದ್ರೂ ಕುಣಿಯೋದು ಹಾಕ್ಲಾ?" ಎನ್ನುವರು. ನಾನು ಬೇಡವೆಂದರೂ ಕೊನೆಯಲ್ಲಿ ಒಂದನ್ನು ಸೇರಿಸಿರುತ್ತಿದ್ದರು.

ಒಂದು ಮಧ್ಯಾಹ್ನ ನಾನು ಪಟ್ಟಿ ಬರೆಯುತ್ತಿದ್ದಾಗ ಪೊಲೀಸ್ ಜೀಪು ಬಂದು ನಿಂತಿತು. ಪೇದೆಗಳು ಕ್ಯಾಸೆಟ್ಟುಗಳನ್ನೆಲ್ಲ ಗೋಣಿಚೀಲಕ್ಕೆ ಸುರಿದರು. ಇನ್ಸ್‌ಪೆಕ್ಟರ್ ನನ್ನ ಕಡೆ ಬೆರಳು ತೋರಿಸಿ, "ಇವ್ನೂ ನಿನ್ನ ಪಾರ್ಟ್ನರೇನೋ? ಹತ್ತಿಸ್ರೋ ಇವ್ನನ್ನೂ" ಎಂದರು.

"ಅಯ್ಯೋ, ಅವ್ರು ಯಾರೋ ಸಾರ್. ಅಡ್ರೆಸ್ ಕೇಳ್ಕೊಂಡು ಬಂದಿದಾರೆ, ಬರ್ಕೊತಿದ್ರು" ಎಂದರು ಅಂಗಡಿಯವರು, ನನ್ನ ಮುಖ ನೋಡದೆ.

ನಾನು ಹೌದೆಂದು ತಲೆಯಾಡಿಸಿ, ಪಟ್ಟಿಯನ್ನು ಮುಷ್ಟಿಯಲ್ಲಿ ಮುದುರಿಕೊಂಡು ಹೊರಗೆ ಬಂದೆ. ಅವರನ್ನು ಜೀಪಿಗೆ ಹತ್ತಿಸಿದರು. ಇನ್ಸ್‌ಪೆಕ್ಟರ್ ಇನ್ನೂ ನನ್ನನ್ನೇ ನೋಡುತ್ತಿದ್ದರು. ಅಂಗಡಿಯವರು ಜೀಪಿನ ಒಳಗಿನಿಂದಲೇ ಬಗ್ಗಿ, "ನೇರ ಹೋಗಿ ಎಡಕ್ಕೆ ತಿರುಗಿ ಸಾರ್, ಅಲ್ಲೇ ಸಿಗತ್ತೆ" ಎಂದು ಕೂಗಿದರು.

ನನ್ನ ಮನೆ ಇದ್ದದ್ದು ಬಲಕ್ಕೆ. ನಾನು ಎಡಕ್ಕೇ ತಿರುಗಿದೆ.