ದಾನಮ್ಮ ಏಳದ ಪಂಕ್ತಿ

ಮುಂಬೈ ಬಳಿಯ ಕಲ್ಯಾಣದ ಕನ್ನಡ ಸಭೆಗೆ ಸ್ವಂತ ಚರ್ಚಿಲ್ಲ. ಮರಾಠಿ ಸಭೆಯವರು ಆರಾಧನೆ ಮುಗಿಸಿ ಹೋದ ಮೇಲೆ ಅದೇ ಬೆಂಚುಗಳ ಮೇಲೆ, ತಿಂಗಳಿಗೊಂದು ಭಾನುವಾರ ಮಧ್ಯಾಹ್ನ, ಗದಗ-ಬೆಟಗೇರಿ ಕಡೆಯ ಒಂದಷ್ಟು ಕ್ರೈಸ್ತ ಕುಟುಂಬಗಳು ಕೂರುತ್ತವೆ. ದಾನಮ್ಮ ಅಂಬರನಾಥದಿಂದ ಲೋಕಲ್ ರೈಲು ಹಿಡಿದು ಎಲ್ಲರಿಗಿಂತ ಮೊದಲು ಬರುತ್ತಾಳೆ. ಕಸ ಗುಡಿಸಿ, ಮೇಜಿಗೆ ಬಿಳಿ ಬಟ್ಟೆ ಹಾಸಿ, ಯೇಸುವಿನ ಕಡೆಯ ಊಟದ ನೆನಪಿಗೆ ಹಂಚುವ ಕರ್ತನ ಭೋಜನದ ರೊಟ್ಟಿಯನ್ನು ಸಣ್ಣ ಚೂರು ಮಾಡಿ ತಟ್ಟೆಗೆ ಜೋಡಿಸುತ್ತಾಳೆ. ಪಾದ್ರಿ ಅನಿಲಕುಮಾರ ಅಯ್ಯನವರು, ನೆರೆಯವರೊಂದಿಗೆ ಸಮಾಧಾನದಿಂದ ಇರುವವರು ಬನ್ನಿ ಎಂದು ಕರೆದಾಗ ಸಭೆಯೆಲ್ಲ ಎದ್ದು ಮೇಜಿನ ಬಳಿ ಹೋಗುತ್ತದೆ. ದಾನಮ್ಮ ಏಳುವುದಿಲ್ಲ. ತಾನೇ ಹೆಚ್ಚಿದ ಚೂರುಗಳು ಬೇರೆಯವರ ಬಾಯಿಗೆ ಹೋಗುವುದನ್ನು ನೋಡುತ್ತ ಕೂತಿರುತ್ತಾಳೆ. ವರ್ಷಗಳಿಂದ ಹೀಗೇ ನಡೆದಿದೆ.

ಕಾರಣ ನನಗೆ ಗೊತ್ತು. ಅಂಬರನಾಥದ ಮಾತ್ರೆ ಪ್ಯಾಕಿಂಗ್ ಕಾರ್ಖಾನೆಯಲ್ಲಿ ನಾನು ಯೂನಿಯನ್ ಕಟ್ಟಿದವನು. ದಾನಮ್ಮ, ಅಪ್ಪಿ ಇಬ್ಬರೂ ಅಲ್ಲಿ ಒಂದೇ ಮೇಜಿನಲ್ಲಿದ್ದರು. ಅಪ್ಪಿ ಉಡುಪಿ ಕಡೆಯವಳು, ಹಿಂದೂ. ಮಧ್ಯಾಹ್ನ ದಾನಮ್ಮನ ಜೋಳದ ರೊಟ್ಟಿ ಅಪ್ಪಿಗೆ, ಅಪ್ಪಿಯ ಒಣಮೀನಿನ ಚಟ್ನಿ ದಾನಮ್ಮನಿಗೆ. ಆಮೇಲೆ ಮುಷ್ಕರ ಬಂತು. ಎಳೆಯಿತು. ಮನೆಯಲ್ಲಿ ಒಲೆ ಉರಿಯದೆ ಹೋದಾಗ ಅಪ್ಪಿ ಒಂದು ಬೆಳಿಗ್ಗೆ ತಲೆ ತಗ್ಗಿಸಿಕೊಂಡು ಕೆಲಸಕ್ಕೆ ಹೊರಟಳು. ಗೇಟಿನ ಎದುರು ದಾನಮ್ಮ ಅವಳ ಜುಟ್ಟು ಹಿಡಿದು ಮುಖಕ್ಕೆ ಸೆಗಣಿ ಬಳಿದಳು. ಹೆಂಗಸರು ಚಪ್ಪಾಳೆ ತಟ್ಟಿದರು. ಘೋಷಣೆ ನಿಲ್ಲಲಿಲ್ಲ.

ಮುಷ್ಕರ ಸೋತಿತು. ಮಾಲಕ ಬೀಗ ಜಡಿದ. ಅಪ್ಪಿ ಬದಲಾಪುರಕ್ಕೆ ಹೋದಳು. ದಾನಮ್ಮ ಈಗ ಊಟದ ಡಬ್ಬಿ ಕಳಿಸುವವರಿಗೆ ಚಪಾತಿ ಲಟ್ಟಿಸುತ್ತಾಳೆ.

ಕಾಣಿಕೆ ತರುವಾಗ ನಿನ್ನ ಮೇಲೆ ಯಾರಿಗಾದರೂ ಮನಸ್ತಾಪವಿದೆಯೆಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಸರಿಮಾಡಿಕೋ ಎಂಬುದು ಯೇಸುವಿನ ಮಾತು. ಅದನ್ನು ಕೇಳಿ ತಲೆದೂಗಿ ಮನೆಗೆ ಹೋಗುವವರೇ ಹೆಚ್ಚು. ಅದು ದಾನಮ್ಮನ ಗಂಟಲಲ್ಲಿ ಸಿಕ್ಕಿಕೊಂಡಿತು.

ಅಯ್ಯನವರು ಒಮ್ಮೆ ಕೇಳಿದರು. "ದೇವರ ಹತ್ರ ಬೇಡಿಕೊಂಡ್ರ ಸಾಕಲ್ಲ ದಾನಮ್ಮ? ಆಕಿ ನಮ್ಮ ಸಭೆಯಾಕಿನೂ ಅಲ್ಲ."

"ಅಯ್ಯನೋರ, ನಾ ಶಗಣಿ ಹಚ್ಚಿದ್ದು ಆಕಿ ಮಾರಿಗ್ರೀ, ದೇವರ ಮಾರಿಗಲ್ಲ. ದೇವರು ಹೂಂ ಅಂದ್ರ ಅಪ್ಪಿ ಹೂಂ ಅಂದಂಗಾತೇನು?"

"ಹಂಗಾರ ಹೋಗಿ ಸ್ಟ್ರೈಕ್ ಮಾಡಿದ್ದು ತಪ್ಪಾತು ಅಂದುಬಿಡು."

"ಸ್ಟ್ರೈಕ್ ತಪ್ಪಲ್ರೀ. ಶಗಣಿ ತಪ್ಪು."

ಹೋದ ಚಳಿಗಾಲದಲ್ಲಿ ನನ್ನನ್ನೂ ಎಳೆದುಕೊಂಡು ಬದಲಾಪುರಕ್ಕೆ ಹೋದಳು. ಅಪ್ಪಿ ಬಾಗಿಲು ತೆರೆದು ಇಬ್ಬರನ್ನೂ ಅಳೆದು ನೋಡಿದಳು.

"ಲೀಡರನ್ನೂ ಕರ್ಕೊಂಡು ಬಂದಿದ್ದೀರಿ. ಸೆಗಣಿ ಎಲ್ಲಿ, ಚೀಲದಲ್ಲುಂಟಾ?"

ಒಳಗೆ ಅಡಿಗೆಕೋಣೆಯ ನೆಲದ ಮೇಲೆ ಕೂತೆವು. ದಾನಮ್ಮ ಸುತ್ತಿ ಬಳಸಲಿಲ್ಲ. "ತಪ್ಪಾತವಾ ಅಪ್ಪಿ. ನಿನ್ನ ಮಾರಿಗೆ ಕೈ ಹಚ್ಚಬಾರದಿತ್ತು." ಆಮೇಲೆ ಚರ್ಚಿನ ವಿಷಯವನ್ನೂ ಹೇಳಿದಳು, ರೊಟ್ಟಿ ಮುಟ್ಟದೆ ಕೂರುವುದನ್ನೂ.

"ಓ, ಹಾಗೆ. ನೀವು ಬಂದದ್ದು ನಿಮ್ಮ ರೊಟ್ಟಿಗೆ, ನನಗಲ್ಲ."

ಅಪ್ಪಿ ಅಲ್ಲಿಗೇ ಬಿಡಲಿಲ್ಲ.

"ಬಳಿದದ್ದು ಎಲ್ಲಿ ದಾನಕ್ಕ? ಗೇಟಿನ ಎದುರು, ಎಲ್ಲರೂ ನೋಡುವಾಗ. ತಪ್ಪಾಯ್ತು ಹೇಳುದು ಮಾತ್ರ ನನ್ನ ಅಡಿಗೆಕೋಣೆಯಲ್ಲಾ?" ಮಗಳು ರಮಿತಾ ಚಹಾ ತಂದಿಟ್ಟಳು. ಅಪ್ಪಿ ಲೋಟ ಮುಂದಕ್ಕೆ ತಳ್ಳಿದಳು. "ಕುಡಿದು ಹೋಗಿ. ನಿಮ್ಮ ಹಾಗೆ ಬಾಗಿಲಲ್ಲಿ ತಡೆಯುವವಳಲ್ಲ ನಾನು."

ಬರುವಾಗ ಗಾಡಿಯಲ್ಲಿ ದಾನಮ್ಮ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು. "ಖರೇನ ಅಂದ್ಲಣ್ಣ. ಒಳಗ ಒಣಮೀನ ಚಟ್ನಿ ವಾಸನಿ ಬರ್ತಿತ್ತು. ಒಂದ್ ತುತ್ತು ಕೊಡ ಅನ್ನಾಕೂ ಬಾಯಿ ಬರ್ಲಿಲ್ಲ."

ಮುಷ್ಕರ ಶುರುವಾದ ದಿನ ಪ್ರತಿವರ್ಷ ಹಳೆಯ ಕಾರ್ಮಿಕರು ಅದೇ ಗೇಟಿನ ಎದುರು ಸೇರುತ್ತೇವೆ. ಒಳಗೆ ಈಗ ಯಾರದೋ ಗೋದಾಮು. ಈ ಸಲ ತಾನು ಮಾತಾಡುತ್ತೇನೆ ಎಂದಳು ದಾನಮ್ಮ. ಬೇಡ ಎಂದೆ. ಇದನ್ನು ಎತ್ತಿದರೆ ಮಾಲಕನ ಜನ ನಗುತ್ತಾರೆ ಎಂದೆ.

"ನಗ್ಲಿ. ಯೂನಿಯನ್ ಯಾವಾಗೋ ಬಿದ್ದು ಹೋತು. ಈಗ ಯಾರ ಮರ್ಯಾದಿ ಕಾಯಾಕ ನಿಂತೀಯಣ್ಣ?"

ಆ ದಿನ ನಾನೇ ಆಕೆಗೆ ಮೈಕು ಕೊಟ್ಟೆ. ತನ್ನ ಮುರುಕು ಮರಾಠಿಯಲ್ಲಿ ಆಕೆ ಹೇಳಿದ್ದಿಷ್ಟು: ನಮ್ಮ ಹೋರಾಟ ಸರಿ ಇತ್ತು, ನಾಳೆ ಮತ್ತೆ ಮುಷ್ಕರ ಬಂದರೂ ಕೂರುತ್ತೇನೆ. ಆದರೆ ಹಸಿದ ಹೆಂಗಸಿನ ಮುಖಕ್ಕೆ ಸೆಗಣಿ ಬಳಿದೆ. ಅದು ಹೋರಾಟ ಅಲ್ಲ, ನನ್ನ ಸೊಕ್ಕು. ಇಲ್ಲೇ ಬಳಿದೆ, ಇಲ್ಲೇ ತಪ್ಪು ಒಪ್ಪುತ್ತೇನೆ.

ಪೂನಂ, ಅಂದು ಚಪ್ಪಾಳೆ ತಟ್ಟಿದವಳೇ, "ಮುಷ್ಕರ ಮುರಿದ ಗದ್ದಾರಳ ಹತ್ತಿರ ಮಾಫಿ ಕೇಳುವುದಾ?" ಎಂದು ಕೂಗಿ ಎದ್ದು ಹೋದಳು. ಕೆಲವರು ಅವಳ ಹಿಂದೆ ಹೋದರು. ಉಳಿದವರಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದು ಅಪ್ಪಿಗೆ ಕಳಿಸಿದರು. ಮರುದಿನ ದಾನಮ್ಮನಿಗೆ ಅಪ್ಪಿಯ ಫೋನು ಬಂತು.

"ನೋಡಿದೆ ದಾನಕ್ಕ. ಈಗಲೇ ಏನೂ ಹೇಳ್ಲಿಕ್ಕೆ ಆಗುದಿಲ್ಲ ನನಗೆ."

ಆ ತಿಂಗಳ ಆರಾಧನೆಗೆ ನಾನೂ ಹೋದೆ. ದೇವರ ಲೆಕ್ಕ ನನಗೆ ತಿಳಿಯದು, ಆಕೆ ಏಳುವುದನ್ನು ನೋಡಬೇಕಿತ್ತು. ಅಯ್ಯನವರು ಕರೆದರು. ಬೆಂಚುಗಳು ಖಾಲಿಯಾದವು. ದಾನಮ್ಮ ಕದಲಲಿಲ್ಲ.

"ಗೇಟಿನ ಎದುರು ಹೇಳಿಯಾಯಿತಲ್ಲ, ಹೋಗು," ಎಂದು ಪಿಸುಗುಟ್ಟಿದೆ.

"ನಾ ಹೇಳೀನಿ. ಆಕಿ ಇನ್ನ ಹೂಂ ಅಂದಿಲ್ಲಣ್ಣ."

ತಟ್ಟೆಯಲ್ಲಿ ಒಂದು ಚೂರು ಉಳಿದಿತ್ತು. ಉಳಿದದ್ದನ್ನು ಪಾದ್ರಿಯೇ ತಿಂದು ಮುಗಿಸಬೇಕಂತೆ. ಅಯ್ಯನವರು ಅದನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ದಾನಮ್ಮನ ಕಡೆ ನೋಡಿದರು. ಆಕೆ ಬೇಡವೆಂದು ತಲೆಯಾಡಿಸಿದಳು. ಅವರು ಬಾಯಿಗೆ ಹಾಕಿಕೊಂಡು ನುಂಗುವವರೆಗೂ ಆಕೆಯ ಕಣ್ಣು ಆ ಚೂರನ್ನು ಬಿಡಲಿಲ್ಲ.