ಕೊ ಶ್ಯೂಹುವಾ ಅವರ ಸಡಿಲ ಮುಚ್ಚಳಗಳು

ಸಿಲಿಕಾನ್ ಬಿಲ್ಲೆಗಳನ್ನು ಕೊಯ್ಯುವಾಗ ಉಳಿಯುವ ಬೂದು ಕೆಸರನ್ನು ಕಸವೆನ್ನಲು ಒಪ್ಪದೆ, ಅದನ್ನೇ ಶೋಧಿಸಿ, ಕರಗಿಸಿ ಸೌರಫಲಕಗಳಿಗೆ ಒದಗಿಸಿದ ತೈವಾನಿನ ತಜ್ಞರ ಸಾಲಿನಲ್ಲಿ ಡಾ. ಕೊ ಶ್ಯೂಹುವಾ ಅವರದು ಎದ್ದು ಕಾಣುವ ಹೆಸರು. ಎದ್ದು ಎಂದದ್ದು ಬರಿಯ ಮಾತಿಗಲ್ಲ. ಶಿಂಚುವಿನ ನಮ್ಮ ಕಾರ್ಖಾನೆಯಲ್ಲಿ ಅವರು ಕೂತದ್ದನ್ನು ಕಂಡವರೇ ಕಡಿಮೆ.

ಸೇವೆಗೆ ಸೇರಿದ ಹೊಸತರಲ್ಲಿ, ಆ ಕೆಸರನ್ನು ಲಾರಿಗೆ ತುಂಬಿ ಹೂಳಲು ಕಳಿಸುವುದನ್ನು ಕಂಡು ಅವರಿಗೆ ಹೊಟ್ಟೆ ಉರಿಯುತ್ತಿತ್ತು. ವರ್ಷಗಟ್ಟಲೆ ಮೇಲಿನವರ ಬೆನ್ನುಬಿದ್ದು ಒಂದೇ ಒಂದು ಪ್ರಯೋಗಕ್ಕೆ ಒಪ್ಪಿಗೆ ಪಡೆದರು. ಎಡವಟ್ಟಾದರೆ ಕೆಸರು ಮತ್ತೆ ಗುಂಡಿಗೇ ಎಂಬುದು ಷರತ್ತು.

ಪ್ರಯೋಗದ ಹಿಂದಿನ ದಿನ ಮಧ್ಯಾಹ್ನ ಅವರು ಊಟಕ್ಕೆ ಕೂರಲಿಲ್ಲ. ಡಬ್ಬಿಯಲ್ಲಿ ಅನ್ನ, ಮೊಟ್ಟೆಗಳನ್ನು ಹಾಗೆಯೇ ಬಿಟ್ಟು ಕೆಸರಿನ ಪೀಪಾಯಿಗಳ ಶೆಡ್ಡಿಗೆ ಹೋದರು. ಪೀಪಾಯಿಗಳ ಹೊಟ್ಟೆ ಉಬ್ಬಿತ್ತು. ಧೂಳು ಸುಳಿಯದ ಚಿಪ್ ಕೋಣೆಯಿಂದ ಹೊಸದಾಗಿ ಬಂದಿದ್ದ ಎಂಜಿನಿಯರ್ ಪಾಂಗ್ ಯೂಚಿ, ಅಲ್ಲಿನ ಅಭ್ಯಾಸಬಲದಿಂದ, ಹಿಂದಿನ ಸಂಜೆ ಎಲ್ಲ ಮುಚ್ಚಳಗಳನ್ನೂ ಬಿಗಿದಿಟ್ಟಿದ್ದರು.

"ಯಾರಯ್ಯಾ ಇದನ್ನ ಬಿಗಿದಿದ್ದು?"

"ನಾನೇ, ಹುವಾ ಅಕ್ಕ. ಒಂದು ಕಣ ಧೂಳೂ ಆಚೆ ಬರಲ್ಲ!"

"ಧೂಳಿನ ಮನೆ ಹಾಳಾಗ! ಒದ್ದೆ ಸಿಲಿಕಾನ್ ಗಾಳಿ ಬಿಡುತ್ತೆ ಮಾರಾಯ, ಬೆಂಕಿ ಹತ್ತೋ ಗಾಳಿ. ಅದಕ್ಕೂ ಉಸಿರಾಡೋಕೆ ಬಿಡು. ಮೊದಲು ನೀನು ಆಚೆ ನಡಿ!"

ಬಾಗಿಲುಗಳನ್ನೆಲ್ಲ ತೆರೆಸಿ, ಒಂದೊಂದೇ ಮುಚ್ಚಳವನ್ನು ಮೆಲ್ಲನೆ ಸಡಿಲಿಸಿದರು. ಮೇಲಿನವರು ಯಾರ ಕೆಲಸವೆಂದು ಗದರಿದಾಗ, "ಶೆಡ್ಡು ನನ್ನದು, ತಪ್ಪೂ ನಂದೇ" ಎಂದರು. ಪಾಂಗ್ ಅವರ ಕೆಲಸ ಉಳಿಯಿತು. ಪ್ರಯೋಗವೂ ಗೆದ್ದಿತು, ಆ ಕೆಸರಿನಿಂದಾದ ಮೊದಲ ಫಲಕ ಇಂದಿಗೂ ಕ್ಯಾಂಟೀನಿನ ಮಾಡಿನ ಮೇಲಿದೆ.

ಅಂದಿನಿಂದ ದಿನವೂ ಮುಚ್ಚಳ ಮುಟ್ಟಿ ನೋಡದೆ ಅವರು ಮನೆಗೆ ಹೋದವರಲ್ಲ. ನಾವು ನಗುತ್ತಿದ್ದೆವು. ನಿವೃತ್ತಿ ಹತ್ತಿರವಾದಂತೆ, ನಾಳೆ ಇದನ್ನೆಲ್ಲ ಯಾರು ನೋಡುತ್ತಾರೆಂಬ ಕಳವಳ ಅವರನ್ನು ಒಳಗೊಳಗೇ ತಿನ್ನತೊಡಗಿತು.

ಬೀಳ್ಕೊಡುಗೆಯ ಔತಣದಲ್ಲಿ ಮೀನು ಬಡಿಸುವ ಹೊತ್ತಿಗೆ ಅವರ ಕುರ್ಚಿ ಖಾಲಿಯಾಗಿತ್ತು. ಶೆಡ್ಡಿಗೆ ಹೋಗಿ ಅವರು ಮೊದಲ ಪೀಪಾಯಿಗೆ ಕೈಯಿಟ್ಟರೆ ಮುಚ್ಚಳ ಆಗಲೇ ಸಡಿಲವಾಗಿತ್ತು. ಪಕ್ಕದ್ದೂ ಅಷ್ಟೇ. ಸಾಲಿನ ಕೊನೆಯಲ್ಲಿ, ಔತಣದ ಹೊಸ ಅಂಗಿಯಲ್ಲೇ, ಪಾಂಗ್ ಬಗ್ಗಿ ನಿಂತಿದ್ದರು.

"ಊಟ ಬಿಟ್ಟು ಇಲ್ಲೇನೋ ಮಾಡ್ತಿದೀಯ?"

"ಕೂತ್ಕೊಳ್ಳೋಕೇ ಆಗ್ಲಿಲ್ಲ, ಅಕ್ಕ."

ಹುವಾ ಅಕ್ಕ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತರು. ಎಷ್ಟೋ ಹೊತ್ತು ಏಳಲಿಲ್ಲ.

ಅವರಿಗೆ ದೀರ್ಘಾಯುಸ್ಸನ್ನೂ ಕೈತುಂಬ ಕೆಲಸವನ್ನೂ ಹಾರೈಸುತ್ತೇವೆ. ವಿಶ್ರಾಂತಿ ಹಾರೈಸಿ ಬೈಸಿಕೊಳ್ಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.