ಬಣ್ಣದಂಗಡಿ ಕೋಮಲಕ್ಕನ ರಾಕ್

ಬಣ್ಣದಂಗಡಿ ಕೋಮಲಕ್ಕ ಎಂದರೆ ಕಡೂರಿನಲ್ಲಿ ಗೊತ್ತಿಲ್ಲದ ಮೇಸ್ತ್ರಿಯಿಲ್ಲ. ಗಂಡ ಗುರುಮೂರ್ತಿ ತೆಂಗಿನಕಾಯಿ ವ್ಯಾಪಾರದ ಮೇಲೆ ಊರೂರು ತಿರುಗುವುದರಿಂದ ಅಂಗಡಿಯ ಯಜಮಾನಿಕೆ ಪೂರ್ತಿ ಅವಳದೇ. ಬಣ್ಣ ಬೆರೆಸುವ ಯಂತ್ರ ಗರಗರ ಅನ್ನುತ್ತಿದ್ದರೆ, ಅದಕ್ಕಿಂತ ಜೋರಾಗಿ ಹಿಂದಿನಿಂದ ಇಂಗ್ಲಿಷ್ ಗಿಟಾರು ಮೊರೆಯುತ್ತಿತ್ತು. ಚೌಳಹಿರಿಯೂರು ಕಡೆಯಿಂದ ಬಂದವರು ಮೊದಮೊದಲು ಒಳಗೇನೋ ಜಗಳ ನಡೆದಿದೆ ಎಂದು ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದರು. ಆಮೇಲೆ ಅವರಿಗೂ ಅಭ್ಯಾಸವಾಯಿತು.

ಶಿವನಿಯಲ್ಲಿ ಹುಟ್ಟಿ ಬೆಳೆದ ಕೋಮಲಾಗೆ ಈ ಹುಚ್ಚು ಹತ್ತಿದ್ದು ದಾವಣಗೆರೆಯ ಹಾಸ್ಟೆಲಿನಲ್ಲಿ. ಕೋಣೆಯ ಗೆಳತಿ ಒಂದು ಸಂಜೆ ತನ್ನ ವಾಕ್‌ಮನ್ ಇವಳ ಕಿವಿಗೆ ಸಿಕ್ಕಿಸಿದಳು. ಹಾಡಿನ ಒಂದು ಪದವೂ ಅರ್ಥವಾಗಲಿಲ್ಲ. ಆದರೆ ಊಟದ ಗಂಟೆ ಹೊಡೆದದ್ದೂ ತಿಳಿಯಲಿಲ್ಲ. ಅಲ್ಲಿಂದ ಮುಂದೆ ಡೀಪ್ ಪರ್ಪಲ್, ಲೆಡ್ ಜೆಪ್ಪಲಿನ್, ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡಗಳ ಹೆಸರುಗಳು ಅವಳಿಗೆ ನೆಂಟರಿಷ್ಟರ ಹೆಸರಿನಷ್ಟೇ ಬಳಕೆಯಾದವು. ಊರಿನಲ್ಲಿ ಆ ವಿಷಯ ಮಾತಾಡಲು ಮಾತ್ರ ಒಬ್ಬರೂ ಇರಲಿಲ್ಲ. ಗುರುಮೂರ್ತಿ ಒಳ್ಳೆಯವನು, ಬೇಡ ಅಂದವನಲ್ಲ; ಹಾಡು ಶುರುವಾದರೆ ತಾನೇ ಎದ್ದು ಹೊರಗೆ ಹೋಗುತ್ತಿದ್ದ.

ಮೂರು ವರ್ಷದ ಹಿಂದೆ ಒಂದು ಕೆಟ್ಟ ಜ್ವರ ಬಂತು. ಜ್ವರ ಬಿಟ್ಟಿತು, ಬಲಗಿವಿ ಪೂರ್ತಿ ಹೋಯಿತು, ಎಡಗಿವಿ ಅರ್ಧ ಉಳಿಯಿತು. ಶಿವಮೊಗ್ಗದ ವೈದ್ಯರು ಎಡಗಿವಿಗೆ ಮಿಷನ್ ಹಾಕಿಸಿದರು. ಗಿರಾಕಿಗಳ ಮಾತು ತಿಳಿಯುವಂತಾಯಿತು, ಫೋನೂ ನಡೆಯಿತು. ಆದರೆ ಮನೆಗೆ ಬಂದು ಇಷ್ಟದ ಹಾಡು ಹಾಕಿದಾಗ, ತಗಡಿನ ಮೇಲೆ ಯಾರೋ ಜಲ್ಲಿ ಸುರಿದಂತೆ ಕೇಳಿಸಿತು. ಬೇರೆ ಹಾಡು ಹಾಕಿದಳು. ಅದೂ ಅಷ್ಟೇ. ಮರುದಿನ ಅಂಗಡಿಯ ಸ್ಪೀಕರುಗಳನ್ನು ಬಿಚ್ಚಿಸಿ, ಆ ಜಾಗದಲ್ಲಿ ಪ್ರೈಮರ್ ಡಬ್ಬ ಜೋಡಿಸಿದಳು. ಯಾರ ಮುಂದೆಯೂ ಅಳಲಿಲ್ಲ. ಏನಕ್ಕ, ಅಂಗಡಿ ಸಪ್ಪಗಿದೆ ಎಂದು ಮೇಸ್ತ್ರಿಗಳು ಕೇಳಿದರೆ, ವಯಸ್ಸಾಯ್ತಲ್ಲಪ್ಪ ಎಂದು ಮಾತು ತಿರುಗಿಸುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಸಂಹಿತಾ ಎಂಬ ಹುಡುಗಿ ಬಂದಳು. ತರೀಕೆರೆಯಲ್ಲಿ ಹಲ್ಲಿನ ಡಾಕ್ಟರು. ಅಲ್ಲೇ ಇರುವ ತನ್ನ ದೊಡ್ಡಪ್ಪ ಲಕ್ಷ್ಮೀಪತಿಯವರ ಮನೆಯ ಮಹಡಿಗೆ ಬಣ್ಣ ಬೇಕಿತ್ತು. ಎಂಥ ಬಣ್ಣ ಎಂದು ಕೇಳಿದ್ದಕ್ಕೆ ಅವಳು ಮೊಬೈಲಿನಲ್ಲಿ ಒಂದು ಹಳೆಯ ರೆಕಾರ್ಡಿನ ಹೊದಿಕೆ ತೋರಿಸಿ, ಇದೇ ನೇರಳೆ ಬೇಕು ಎಂದಳು. ಕೋಮಲಾ ಒಮ್ಮೆ ನೋಡಿ, ಆ ರೆಕಾರ್ಡು ಯಾವ ತಂಡದ್ದು ಎಂದು ಹೇಳಿ, ಡಬ್ಬ ತೆಗೆಯಲು ತಿರುಗಿದಳು. ಹುಡುಗಿ ಕೌಂಟರ್ ಬಿಟ್ಟು ಕದಲಲಿಲ್ಲ. ದೊಡ್ಡಪ್ಪ ರಿಟೈರಾದ ಡ್ರಾಯಿಂಗ್ ಮೇಷ್ಟ್ರು, ಹಳೇ ರಾಕಿನ ಭಕ್ತರು. ಅಜ್ಜಂಪುರದಲ್ಲಿ ಮೆಡಿಕಲ್ ಅಂಗಡಿಯ ಧನಪಾಲ್ ಅಂತ ಇನ್ನೊಬ್ಬರಿದ್ದಾರೆ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಅದೇ ಮಹಡಿಯಲ್ಲಿ ಸೇರುತ್ತೇವೆ, ನೀವೂ ಬನ್ನಿ ಎಂದು ಗಂಟುಬಿದ್ದಳು.

ಕೋಮಲಾ ಕಿವಿಯ ಮಿಷನ್ ತೋರಿಸಿದಳು. "ನಂಗೀಗ ಹಾಡು ಕೇಳಕ್ಕಾಗಲ್ಲ ಕಣಮ್ಮ. ಬಂದು ಏನ್ ಮಾಡ್ಲಿ?"

"ಮಾತಾಡಿ ಅಕ್ಕ," ಎಂದಳು ಸಂಹಿತಾ. "ನಾವು ಹಾಕೋದು ಒಂದು ಹಾಡು, ಆಡೋದು ನೂರು ಮಾತು."

ಕೋಮಲಾ ಹೋಗಬಾರದೆಂದೇ ಇದ್ದಳು. ಗುರುಮೂರ್ತಿಯೇ ಬಲವಂತ ಮಾಡಿ, ಬೈಕಿನಲ್ಲಿ ಕೂರಿಸಿಕೊಂಡು ತರೀಕೆರೆಗೆ ಬಿಟ್ಟ.

ಮಹಡಿಯಲ್ಲಿ ಮಂಡಕ್ಕಿ, ಕಾಫಿ, ನಾಲ್ಕು ಕುರ್ಚಿ. ಲಕ್ಷ್ಮೀಪತಿ ಯಾವ ರಾಕ್ ಕಾರ್ಯಕ್ರಮವನ್ನೂ ಕಣ್ಣಾರೆ ಕಂಡವರಲ್ಲ. ಹುಡುಗನಾಗಿದ್ದಾಗ ಟೆರೇಸಿನ ಮೇಲೆ ರೇಡಿಯೋ ಹಿಡಿದು ಮೂಲೆಯಿಂದ ಮೂಲೆಗೆ ಓಡಾಡುತ್ತಿದ್ದದ್ದನ್ನು, ನೀರಿನ ಟ್ಯಾಂಕಿನ ಪಕ್ಕ ಬಗ್ಗಿ ನಿಂತರೆ ಮಾತ್ರ ಲೆಡ್ ಜೆಪ್ಪಲಿನ್ ಸಿಗುತ್ತಿದ್ದದ್ದನ್ನು ಅವರು ಎದ್ದು ನಿಂತು ಅಭಿನಯಿಸಿದರು. ಧನಪಾಲ್ ಬೆಂಗಳೂರಿನಲ್ಲಿ ಸ್ಕಾರ್ಪಿಯನ್ಸ್ ತಂಡವನ್ನು ನೋಡಿದ್ದರು. ಪಕ್ಕದಲ್ಲಿದ್ದ ಅಪರಿಚಿತನೊಬ್ಬ ಇವರ ಹೆಗಲ ಮೇಲೆ ಕೈ ಹಾಕಿ ಹಾಡಿನುದ್ದಕ್ಕೂ ಅತ್ತಿದ್ದನಂತೆ. ಅವನ ಹೆಸರು ಕೇಳದೇ ಬಂದೆನಲ್ಲ ಎಂಬ ಕೊರಗು ಇವರಿಗೆ ಇನ್ನೂ ಇತ್ತು. ಹೇಳುತ್ತಾ ಹೇಳುತ್ತಾ ಧನಪಾಲ್ ಗಾಳಿಯಲ್ಲಿ ಬೆರಳಾಡಿಸಿ ಗಿಟಾರು ನುಡಿಸತೊಡಗಿದರು.

ಆ ಬೆರಳುಗಳನ್ನು ನೋಡುತ್ತಿದ್ದ ಕೋಮಲಾಗೆ ತಟ್ಟನೆ ಹಾಡು ಕೇಳಿಸಿತು. ಕಿವಿಯಲ್ಲಲ್ಲ, ತಲೆಯೊಳಗೆ. ತಗಡಿನ ಸದ್ದಲ್ಲ, ಜ್ವರಕ್ಕೆ ಮುಂಚೆ ಕೇಳುತ್ತಿದ್ದ ಅದೇ ತುಂಬು ನಾದ. ಡ್ರಮ್ಮು ಅದರ ಜಾಗದಲ್ಲಿ, ಗಿಟಾರು ಅದರ ಜಾಗದಲ್ಲಿ. ಇಷ್ಟು ದಿನವೂ ಅದು ಅಲ್ಲೇ ಇತ್ತು. ಯಾರೂ ಕರೆದಿರಲಿಲ್ಲ, ಅಷ್ಟೆ. ಹಾಡು ಮುಗಿಯುವವರೆಗೂ ಅಲುಗಾಡದೆ ಕುಳಿತಳು. ಕೈಯಲ್ಲಿದ್ದ ಕಾಫಿಯಲ್ಲಿ ಕೆನೆ ಕಟ್ಟಿತು.

ನಿಮ್ಮದು ಹೇಳಿ ಎಂದು ಎಲ್ಲರೂ ಕೇಳಿದಾಗ ಅವಳು ಮದುವೆಗೆ ಮುಂಚೆ ಡೀಪ್ ಪರ್ಪಲ್ ನೋಡಿದ ಕಥೆ ತೆಗೆದಳು. ಒಬ್ಬಳೇ ಬೆಂಗಳೂರಿಗೆ ಹೋಗುವ ಮಾತೇ ಇಲ್ಲ ಎಂದು ಅಪ್ಪ ದೇವೀರಪ್ಪ ಖಡಾಖಂಡಿತ ಹೇಳಿದ್ದರು. ಆಗ ಚಿಕ್ಕಮ್ಮ ವಿಶಾಲಾಕ್ಷಮ್ಮ, ಇಂಗ್ಲಿಷರ ಭಜನೆ ನಾನೂ ನೋಡ್ತೀನಿ ಎಂದು ಹೊರಟು ನಿಂತಳು. ಹಣೆ ತುಂಬ ವಿಭೂತಿ, ಇಳಕಲ್ ಸೀರೆ. ಕಪ್ಪು ಬನಿಯನ್ ತೊಟ್ಟ ಸಾವಿರಾರು ಹುಡುಗರ ನಡುವೆ ಅವಳು ಹೋದಲ್ಲೆಲ್ಲ ದಾರಿ ತಾನೇ ಬಿಟ್ಟುಕೊಂಡಿತ್ತು, ಇಬ್ಬರೂ ವೇದಿಕೆಯ ಮುಂದಿನ ಕಂಬಿಯವರೆಗೆ ತಲುಪಿದ್ದರು. ಕೋಮಲಾ ಕುಣಿದು ಕುಣಿದು ಬೆವೆತಿದ್ದಾಗ ಚಿಕ್ಕಮ್ಮನ ಕಣ್ಣು ಡ್ರಮ್ ಬಡಿಯುವವನ ಮೇಲೇ ನೆಟ್ಟಿತ್ತು.

"ಕೊನೆಗೆ ಪಕ್ಕದ ಹುಡ್ಗನ್ನ ಕೇಳಿದ್ಲು," ಎಂದಳು ಕೋಮಲಾ. "ಏನಪ್ಪಾ, ಪಾಪ, ಅವ್ನು ಏನಾದ್ರೂ ತಿಂದು ಬಂದವ್ನೋ ಇಲ್ವೋ ಅಂತ."

ಲಕ್ಷ್ಮೀಪತಿ ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ಕೋಮಲಾ ಕೂಡ ನಕ್ಕಳು. ನಗುವಿನ ನಡುವೆಯೇ ಕಣ್ಣು ತುಂಬಿಬಂತು. ಚಿಕ್ಕಮ್ಮ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಈ ಕಥೆಯನ್ನು ಅರ್ಥವಾಗುವವರ ಮುಂದೆ ಹೇಳಿದ್ದು ಇದೇ ಮೊದಲು.

ಆಮೇಲೆ ಅವಳು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ದೀಪಾವಳಿ ಕಳೆದ ಮೇಲೆ ಶಿವಮೊಗ್ಗದ ಕಾಲೇಜೊಂದರಲ್ಲಿ ಹಳೇ ರಾಕ್ ಹಾಡುಗಳನ್ನು ನುಡಿಸುವ ಹುಡುಗರ ತಂಡದ ಕಾರ್ಯಕ್ರಮ ಇದೆಯೆಂದು ಸಂಹಿತಾ ಸುದ್ದಿ ತಂದಳು. ಕೋಮಲಾ ಹಿಂಜರಿದಳು. ಜಲ್ಲಿ ಸುರಿದ ಸದ್ದು ಕೇಳಿಸಿದರೆ ತಲೆಯೊಳಗೆ ಉಳಿದಿರುವುದೂ ಹಾಳಾದೀತೆಂಬ ಭಯ ಅವಳಿಗೆ. ಸರಿಯಾಗಿ ಕೇಳಿಸದಿದ್ದರೆ ವಾಪಸ್ ಬಂದರಾಯಿತು ಎಂದು ಒಪ್ಪಿಸಿ ಎಲ್ಲರೂ ಒಂದೇ ಕಾರಿನಲ್ಲಿ ಹೊರಟರು. ಗುರುಮೂರ್ತಿಯೂ ಹತ್ತಿದ.

ಸಂಜೆಯ ಬಿಸಿಲು ಇನ್ನೂ ಇತ್ತು. ವೇದಿಕೆಯ ಹತ್ತಿರ ಆಳೆತ್ತರದ ಸ್ಪೀಕರುಗಳ ಮುಂದೆ ನಿಂತ ಕೋಮಲಾ, ಹಾಡು ಶುರುವಾಗುವ ಮೊದಲೇ ಮಿಷನ್ ಕಳಚಿ ಪರ್ಸಿಗೆ ಹಾಕಿಕೊಂಡಳು. ಮೊದಲ ಏಟು ಬಿತ್ತು. ಅಂಗಾಲಿನಿಂದ ಹತ್ತಿ, ಮೊಣಕಾಲು ದಾಟಿ, ಎದೆಯ ಗೂಡಿಗೆ ಬಂದು ಕೂತಿತು. ಗಿಟಾರು ಎಲ್ಲೋ ದೂರದಲ್ಲಿ ಮಸುಕಾಗಿ ಸುಳಿಯುತ್ತಿತ್ತು. ಮಿಕ್ಕದ್ದನ್ನು ಅವಳೇ ತುಂಬಿಕೊಂಡಳು. ಹುಡುಗರು ಎರಡು ಕಡೆ ತಾಳ ತಪ್ಪಿದ್ದು ಅಂಗಾಲಿಗೇ ಗೊತ್ತಾಯಿತು. ಅದಕ್ಕೂ ಅವಳಿಗೆ ಖುಷಿಯಾಯಿತು.

ಗುರುಮೂರ್ತಿ ಈ ಸಲ ಎದ್ದು ಹೋಗಲಿಲ್ಲ. ಕಿವಿಗೆ ಹತ್ತಿ ತುರುಕಿಕೊಂಡು ಹೆಂಡತಿಯ ಪಕ್ಕದಲ್ಲೇ ನಿಂತಿದ್ದ. ಹಾಡು ನಿಂತಾಗ ಅವಳ ಕೈ ತಟ್ಟಿ, ಕಾಣುವಂತೆ ತುಟಿಯಾಡಿಸಿ ಕೇಳಿದ: "ಕೇಳಿಸ್ತೇನೇ?"

"ಕೇಳಿಸ್ತು ಕಣ್ರೀ," ಎಂದಳು. ತನ್ನ ದನಿ ಎಷ್ಟು ಜೋರಾಗಿತ್ತೆಂದು ಅವಳಿಗೆ ತಿಳಿಯಲಿಲ್ಲ. ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು. ಅಷ್ಟರಲ್ಲಿ ಡ್ರಮ್ಮಿನವನು ಮತ್ತೆ ಕೋಲೆತ್ತಿದ್ದ, ಅವಳು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಳು.